ಸುತ್ತಿಗೆಗೆ ಬೆನ್ನು ಕೊಟ್ಟವನು

“ಇನ್ನೊಂದು ಸಲ ನಿಂತು ತೋರಿಸು,” ಎಂದ ಸಾರ್ಜೆಂಟ್ ಹಾರ್ಟಿಗನ್.

ಕಾನ್ ಡಿವೇನ್ ಸುಣ್ಣದ ವೃತ್ತದ ಅಂಚಿಗೆ ಬಂದು ನಿಂತ. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಹೋಗಲಾಗದಂಥ ಆಳು. ಆದರೆ ಆ ಬಿಳಿ ಗೆರೆ ದಾಟಲು ಅವನ ಕಾಲು ಏಳಲಿಲ್ಲ.

“ಎಷ್ಟು ಸಲ ತೋರಿಸ್ಲಿ ಸಾರ್ಜೆಂಟ್ರೇ? ನಾನು ಬೀಸಿದೆ, ಗುಂಡು ಕಾವು ಬಿಟ್ಟು ಹೋಯ್ತು, ಮನುಷ್ಯ ಸತ್ತ. ನಾನೇ ಕೊಂದೆ ಅಂತ ಬರ್ಕೊಂಡು ಮುಗಿಸಿಬಿಡಿ.”

“ಬರ್ಕೊಳ್ಳೋದು ನನ್ನ ಕೆಲಸ. ನಿಂತ್ಕೊಳ್ಳೋದು ನಿಂದು. ನಿಂತ್ಕೋ.”

ಹಿಂದಿನ ದಿನ ಡಬ್ಲಿನ್ನಿನ ಇದೇ ಮೈದಾನದಲ್ಲಿ, ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಪಂದ್ಯದ ಕಡೆಯ ಸ್ಪರ್ಧೆಯಾದ ಸುತ್ತಿಗೆ ಎಸೆತದಲ್ಲಿ, ಕಾನ್ ಬೀಸಿದ ಸುತ್ತಿಗೆಯ ಗುಂಡು ಮರದ ಹಿಡಿಯಿಂದ ಕಳಚಿ ಹಾರಿ, ಆರ್ಚಿಬಾಲ್ಡ್ ರೆನ್ನಿ ಎಂಬ ಸ್ಕಾಟ್ ತೀರ್ಪುಗಾರನ ಕುತ್ತಿಗೆಯ ಹಿಂಬದಿಗೆ ಬಡಿದಿತ್ತು. ಆತ ಬಿದ್ದವನು ಏಳಲಿಲ್ಲ.

ಇವತ್ತು ಮಧ್ಯಾಹ್ನ ಸಾವಿನ ವಿಚಾರಣೆ. ಸಂಜೆಯ ಹಡಗಿಗೆ ಸ್ಕಾಟ್‌ಗಳೆಲ್ಲ ಗ್ಲಾಸ್ಗೋಗೆ ವಾಪಸ್. “ಅಪಘಾತ, ಹಾರ್ಟಿಗನ್. ಒಂದೇ ಪದ. ಎರಡನೇ ಪದ ಹುಡುಕೋಕೆ ಹೋಗಬೇಡ,” ಎಂದಿದ್ದರು ಸೂಪರಿಂಟೆಂಡೆಂಟ್ ಮೋನ್ಸೆಲ್. ಮುಂದಿನ ವರ್ಷವೂ ಎರಡು ದೇಶ ಕೈಕುಲುಕಿ ಆಡಬೇಕು ಎಂಬುದು ಅವರ ಚಿಂತೆ.

ಹಾರ್ಟಿಗನ್‌ಗೆ ಅದು ಒಪ್ಪಿಗೆಯಾಗಿದ್ದರೆ ಬೆಳಿಗ್ಗೆಯ ಚಹಾವನ್ನು ಕೂತು ಕುಡಿಯುತ್ತಿದ್ದ. ಲೋಟ ಹಿಡಿದುಕೊಂಡೇ ಅಡುಗೆಮನೆಯ ತುಂಬ ಓಡಾಡಿದ್ದ. “ಕಾಲಿಗೆ ಇರುವೆ ಹತ್ತಿದೆಯೇನ್ರಿ?” ಎಂದು ಹೆಂಡತಿ ಕೇಳಿದ್ದಳು. ಹತ್ತಿತ್ತು. ಆ ಇರುವೆಯ ಹೆಸರು ಒಂದು ಪ್ರಶ್ನೆ.

ಅವನು ತೀರ್ಪುಗಾರ ನಿಂತಿದ್ದ ಜಾಗಕ್ಕೆ ನಡೆದು ಹೋಗಿ ವೃತ್ತದ ಕಡೆ ಮುಖ ಮಾಡಿದ. ಹರೆಯದಲ್ಲಿ ತಾನೂ ಸುತ್ತಿಗೆ ಎಸೆದವನು. ಇಂಗ್ಲಿಷರ ಮೇಲಿನ ಮೊಟ್ಟಮೊದಲ ಪಂದ್ಯದಲ್ಲಿ ಐರ್ಲೆಂಡಿನ ಪರ ಇಳಿದಿದ್ದ ಭುಜ ಅದು. ಈಗ ಮಳೆ ಬರುವ ಮುನ್ನ ನೋಯುವುದಷ್ಟೇ ಅದರ ಕೆಲಸ.

“ಕಾನ್,” ಎಂದು ಕೂಗಿ ಕೇಳಿದ, “ನೀನು ತೀರ್ಪುಗಾರ ಅಂತಿಟ್ಕೋ. ಎದುರಿಗೆ ನಿನ್ನಂಥ ದಾಂಡಿಗ ಸುತ್ತಿಗೆ ಬೀಸ್ತಾ ಇದಾನೆ. ನೀನು ಏನು ನೋಡ್ತೀಯ?”

“ಸುತ್ತಿಗೆನ.”

“ಬೇರೆ ಏನಾದ್ರೂ?”

“ಬೇರೆ ನೋಡಿದ್ರೆ ಉಳೀತೀನಾ?”

“ಅದೇ. ರೆನ್ನಿ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ದೋನು. ಹುಲಿಗಾದ್ರೂ ಬೆನ್ನು ಕೊಟ್ಟಾನು, ಸುತ್ತಿಗೆಗೆ ಕೊಡೋನಲ್ಲ. ಆದ್ರೆ ನಿನ್ನೆ ಕೊಟ್ಟ. ನೀನು ತಿರುಗ್ತಾ ಇದ್ದಾಗ ಅವನು ಹಿಂದಕ್ಕೆ ತಿರುಗಿ, ಹಗ್ಗದ ಕಡೆ ಎರಡು ಹೆಜ್ಜೆ ಹಾಕಿದ್ದ. ಯಾಕೆ?”

ಕಾನ್ ಹುಲ್ಲಿನ ಕಡೆ ನೋಡಿದ. “ನಂಗೆ ಹೇಗೆ ಗೊತ್ತಾಗುತ್ತೆ?”

“ಅವನ ಪರಿಚಯ ಇತ್ತಾ ನಿಂಗೆ?”

“ಇಲ್ಲ. ಮುಖ ಕೂಡ ಸರಿಯಾಗಿ ನೋಡಿರಲಿಲ್ಲ.”

ಹಾರ್ಟಿಗನ್ ತಾನೂ ಹಿಂದಕ್ಕೆ ತಿರುಗಿದ. ಎದುರಿಗೆ ಹಗ್ಗ, ಹಗ್ಗದಾಚೆ ಬೆಂಚುಗಳು, ಬೆಂಚುಗಳ ಪಕ್ಕದಲ್ಲಿ ಚಹಾದ ಡೇರೆ. ನಿನ್ನೆ ಅಲ್ಲೆಲ್ಲ ಜನ. ಅವರಲ್ಲಿ ಯಾರೋ ಒಬ್ಬರು ರೆನ್ನಿಯ ಕಣ್ಣನ್ನು ಸುತ್ತಿಗೆಯಿಂದ ಕಿತ್ತುಕೊಂಡಿದ್ದರು.

ಸತ್ತವನ ಬಗ್ಗೆ ತಿಳಿದಿದ್ದು ಅಂಗೈಯಷ್ಟು. ಗ್ಲಾಸ್ಗೋದ ಹಡಗು ಕಟ್ಟೆಯಲ್ಲಿ ಮೇಸ್ತ್ರಿ, ಮಾತು ಕಡಿಮೆ, ಭಾನುವಾರ ತಪ್ಪದೆ ಸ್ಕಾಟ್‌ಗಳ ಪ್ರಾಟೆಸ್ಟೆಂಟ್ ಚರ್ಚಿಗೆ ಹೋಗುವವನು. ತಂತಿ ಕಳಿಸೋಣವೆಂದರೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಎಲ್ಲಿ ಹುಟ್ಟಿದ್ದೆಂದು ಜೊತೆಗಾರರಿಗೇ ಗೊತ್ತಿಲ್ಲ. ಹಾಗಿದ್ದೂ ಬೆಳಿಗ್ಗೆ ಹೆಣದ ಕೋಣೆಯ ಬಾಗಿಲಿಗೆ ಒಬ್ಬ ಹೆಂಗಸು ಜಪಮಾಲೆ ಹಿಡಿದು ಬಂದಿದ್ದಳಂತೆ. ಒಳಗೆ ಬಿಡಲಿಲ್ಲವೆಂದು ಮೆಟ್ಟಿಲ ಮೇಲೆಯೇ ಮೊಣಕಾಲೂರಿ ಜಪ ಮುಗಿಸಿ ಹೋದಳೆಂದು ಕಾವಲುಗಾರ ಹೇಳಿದ. ಅವಳು ಕಾನ್‌ನ ತಾಯಿ ಹನ್ನಾ. ಮಗನ ಕೈಯಿಂದಾದ ಪಾಪಕ್ಕೆ ಬೇಡಿಕೊಳ್ಳಲು ಬಂದಿರಬೇಕೆಂದು ಹಾರ್ಟಿಗನ್ ಅದನ್ನು ಮನಸ್ಸಿನ ಒಂದು ಮೂಲೆಗೆ ತಳ್ಳಿದ್ದ.

ಅವನು ವಾಪಸ್ ಬಂದು ಗೋಣಿಚೀಲ ಬಿಚ್ಚಿದ. ಹದಿನಾರು ಪೌಂಡಿನ ಕಬ್ಬಿಣದ ಗುಂಡು ಹುಲ್ಲಿನ ಮೇಲೆ ಉರುಳಿತು. ನಡುವೆ ಕಾವು ತೂರಿಸುವ ತೂತು. ಕಾವಿನ ಮರ ಮುರಿದಿರಲಿಲ್ಲ, ಸೀಳಿರಲಿಲ್ಲ. ನುಣ್ಣಗೆ ಜಾರಿ ಹೊರಬಂದಿತ್ತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಕಾವನ್ನು ತೂತಿನಲ್ಲಿ ಬಿಗಿಯಾಗಿ ಹಿಡಿಸುವ ಕಬ್ಬಿಣದ ಬೆಣೆಯೂ ಇರಲಿಲ್ಲ.

ಹಾರ್ಟಿಗನ್ ತೂತಿನೊಳಗೆ ಬೆರಳು ಹಾಕಿ ತಿರುಗಿಸಿ ತೆಗೆದ. ಮೂಗಿನ ಬಳಿ ಹಿಡಿದ. ಆಮೇಲೆ ಕಾನ್‌ನ ಮೂಗಿನ ಬಳಿ ಹಿಡಿದ.

“ಏನು ವಾಸನೆ?”

ಕಾನ್ ಮುಖ ಆಚೆ ತಿರುಗಿಸಿದ.

“ಬಾತುಕೋಳಿ ಕೊಬ್ಬು, ಅದಕ್ಕೆ ಕರ್ಪೂರ,” ಎಂದ ಹಾರ್ಟಿಗನ್. “ನಿನ್ನೆ ನೀವು ಬಟ್ಟೆ ಬದಲಾಯಿಸೋ ಡೇರೆ ಒಳಗೆ ಕಾಲಿಟ್ರೆ ಕಣ್ಣಲ್ಲಿ ನೀರು ಬರೋದು. ಯಾರೋ ಒಬ್ಬ ಅದನ್ನ ಭುಜಕ್ಕೆ ಸ್ನಾನ ಮಾಡಿಸಿದ ಹಾಗೆ ಹಚ್ಚಿದ್ದ.”

“ಸಾರ್ಜೆಂಟ್ರೇ, ಮಲಕಿ ಅಂಥೋನಲ್ಲ.”

“ನಾನು ಯಾರ ಹೆಸರೂ ಹೇಳ್ಲಿಲ್ಲ ಕಣಯ್ಯ.”

ಕಾನ್ ತುಟಿ ಕಚ್ಚಿಕೊಂಡ. ಮಲಕಿ ಟ್ವೋಮಿ ಅವನ ಜೊತೆಯಲ್ಲೇ ಎಸೆಯುತ್ತ ಬೆಳೆದವನು. ಈ ವರ್ಷ ತಂಡದಲ್ಲಿ ಜಾಗ ಸಿಗದೆ, ಸುತ್ತಿಗೆ ಹೊತ್ತು ತರುವ ಕೆಲಸಕ್ಕೆ ಇಳಿದಿದ್ದ.

“ರೂಮಿಗೆ ಹೋಗು,” ಎಂದ ಹಾರ್ಟಿಗನ್. “ವಿಚಾರಣೆಗೆ ಕರೆಯೋವರೆಗೂ ತಾಯಿ ಹತ್ರ ಇರು. ಊರು ಬಿಡಬೇಡ.”

“ಬಿಟ್ಟು ಎಲ್ಲಿಗೆ ಹೋಗ್ಲಿ?” ಎಂದ ಕಾನ್. ಆ ದನಿಯಲ್ಲಿ ಏನೋ ಒಂದು ಹಾರ್ಟಿಗನ್‌ನ ಕಾಲನ್ನು ಒಂದು ಗಳಿಗೆ ಹಿಡಿದು ನಿಲ್ಲಿಸಿತು. ಆದರೆ ಆಗ ಅವನ ತಲೆಯ ತುಂಬ ಮಲಕಿಯೇ ತುಂಬಿದ್ದ.

* * *

ಮಲಕಿ ಉಳಿದುಕೊಂಡಿದ್ದ ಮನೆಯ ಒಡತಿ ಬಾಗಿಲಲ್ಲೇ ಸುದ್ದಿ ಕೊಟ್ಟಳು. “ಚೀಲ ಎತ್ಕೊಂಡು ಹೋದ. ತಿಂಡಿನೂ ತಿನ್ಲಿಲ್ಲ. ಹಂದಿಮಾಂಸ ಬಿಟ್ಟು ಎದ್ದೋಗೋ ಗಂಡಸನ್ನ ನಾನು ಇವತ್ತೇ ನೋಡಿದ್ದು.”

ಹಾರ್ಟಿಗನ್ ಬಾಡಿಗೆ ಗಾಡಿ ಹತ್ತಿ ಹಡಗುಕಟ್ಟೆಗೆ ಓಡಿಸಿದ. ಗಾಡಿಯಲ್ಲೂ ಕೂರಲಾಗದೆ ಪಕ್ಕದ ಕಂಬಿ ಹಿಡಿದು ಅರ್ಧ ಎದ್ದು ನಿಂತೇ ಬಂದ. “ಬಿದ್ದು ಸತ್ರೆ ನಾನು ಪೊಲೀಸರಿಗೆ ಏನಂತ ಹೇಳ್ಲಿ ಸ್ವಾಮಿ?” ಎಂದು ಗಾಡಿಯವನು ಗೊಣಗಿದ.

ಲಿವರ್‌ಪೂಲಿನ ದನದ ಹಡಗಿಗೆ ಹೋರಿಗಳನ್ನು ಹತ್ತಿಸುತ್ತಿದ್ದರು. ಕೋಲು, ಬೈಗುಳ, ಸಗಣಿಯ ಮೇಲೆ ಜಾರುವ ಗೊರಸು. ಹಲಗೆಯ ದಾರಿ ಕಂಡು ಬೆದರಿದ ಹೋರಿಗಳು ಒಂದರ ಬೆನ್ನ ಮೇಲೊಂದು ಏರಿ ಕೂಗುತ್ತಿದ್ದವು. ದನದ ಹಿಂದೆ ಬಡ ಪ್ರಯಾಣಿಕರ ಸಾಲು. ಆ ಸಾಲಿನಲ್ಲಿ ಎಲ್ಲರಿಗಿಂತ ಒಂದು ತಲೆ ಮೇಲಕ್ಕೆ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಮಲಕಿ ನಿಂತಿದ್ದ.

ಹಾರ್ಟಿಗನ್ ಹಿಂದಿನಿಂದ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಮಲಕಿ ನೋವಿನಿಂದ ಮುಲುಗಿದ.

“ಈ ಭುಜ ಇನ್ನೂ ವಾಸಿ ಆಗ್ಲಿಲ್ವಾ ಮಲಕಿ? ಕೊಬ್ಬೆಲ್ಲ ಬೇರೆ ಕಡೆ ಖರ್ಚಾಗೋಯ್ತಾ?”

ಮಲಕಿ ಓಡಲಿಲ್ಲ. ಓಡುವುದಕ್ಕೆ ಮುಂದೆ ಹೋರಿಗಳು, ಹಿಂದೆ ಹಾರ್ಟಿಗನ್. ಇಬ್ಬರೂ ಸಾಲು ಬಿಟ್ಟು, ಹಗ್ಗದ ಸುರುಳಿಗಳನ್ನು ಪೇರಿಸಿಟ್ಟ ಗೋಡೆಯ ಬಳಿ ನಿಂತರು.

“ಅತ್ತೆ ಮನೆ ಲಿವರ್‌ಪೂಲಲ್ಲಿದೆ,” ಎಂದ ಮಲಕಿ.

“ಇರ್ಲಿ. ಅತ್ತೆಗೆ ಹುಷಾರಿಲ್ಲ ಅಂತಾನೂ ಸೇರಿಸ್ಕೋ. ಬೆಣೆ ಎಲ್ಲಿ?”

“ಯಾವ ಬೆಣೆ?”

“ಮಲಕಿ, ಇವತ್ತು ಮಧ್ಯಾಹ್ನ ಕಾನ್ ಹೋಗಿ ಕಟಕಟೆಯಲ್ಲಿ ನಿಲ್ತಾನೆ. ಬೆಳಿಗ್ಗೆ ನನ್ನೆದುರಿಗೆ ‘ಮಲಕಿ ಅಂಥೋನಲ್ಲ’ ಅಂದ. ನಾನು ನಿನ್ನ ಹೆಸರು ಎತ್ತಕ್ಕೂ ಮುಂಚೆ. ಅಂಥ ಗೆಳೆಯನ್ನ ಬಿಟ್ಟು ದನದ ಜೊತೆ ಹೊರಟಿದೀಯ. ಬೆಣೆ ಎಲ್ಲಿ?”

ಮಲಕಿ ಕೋಟಿನ ಜೇಬಿಗೆ ಕೈ ಹಾಕಿ, ಹೆಬ್ಬೆರಳುದ್ದದ ಕಬ್ಬಿಣದ ಚೂರೊಂದನ್ನು ತೆಗೆದು ಹಾರ್ಟಿಗನ್‌ನ ಅಂಗೈಯಲ್ಲಿಟ್ಟ.

“ನದಿಗೆ ಎಸೀಬೇಕು ಅಂತಾನೇ ಬಂದೆ,” ಎಂದ. “ಕೈ ಬರ್ಲಿಲ್ಲ.”

“ಕಾನ್ ಮೇಲೆ ಅಷ್ಟೊಂದು ಹೊಟ್ಟೆಕಿಚ್ಚಾ?”

“ಕಾನ್ ಮೇಲಾ?” ಮಲಕಿ ತಲೆಯೆತ್ತಿದ. ಮುಖ ಸುಣ್ಣದಂತಾಗಿತ್ತು. “ಅಯ್ಯೋ, ಕಾನ್‌ದಲ್ಲ ಸಾರ್ಜೆಂಟ್ರೇ. ನಾನು ಬೆಣೆ ಕಿತ್ತಿದ್ದು ನಮ್ಮ ಸುತ್ತಿಗೆದಲ್ಲ. ಅವರದ್ದು. ಮಕೆಲ್ಲರ್ ಎಸೀಬೇಕಾಗಿದ್ದು.”

ಮಕೆಲ್ಲರ್ ಸ್ಕಾಟ್‌ಗಳ ಹುಲಿ. ಹಿಂದಿನ ವರ್ಷ ಗ್ಲಾಸ್ಗೋದಲ್ಲಿ ಮಲಕಿ ಮೂರನೇ ಸುತ್ತಿನಲ್ಲಿ ಕಾಲು ತೊಡರಿ ವೃತ್ತದಾಚೆ ಬೋರಲು ಬಿದ್ದಾಗ, ಮಕೆಲ್ಲರ್ ಹೋಗಿ ಅವನ ಟೋಪಿ ಎತ್ತಿ, ದನಕ್ಕೆ ಹುಲ್ಲು ತೋರಿಸುವಂತೆ ತೋರಿಸಿ ‘ಬಾ, ಬಾ’ ಎಂದು ಕರೆದಿದ್ದ. ಮೈದಾನವೆಲ್ಲ ನಕ್ಕಿತ್ತು. ಆ ನಗು ಮಲಕಿಯ ಜೊತೆ ಹಡಗು ಹತ್ತಿ ಊರಿಗೂ ಬಂದಿತ್ತು.

“ಅವರು ನಿಂತೇ ಎಸೀತಾರಲ್ಲ,” ಎಂದ ಮಲಕಿ, ಮಾತು ಒಂದರ ಮೇಲೊಂದು ಬೀಳುತ್ತ. “ನಮ್ಮ ಹಾಗೆ ಸುತ್ತೋದಿಲ್ಲ. ತಲೆ ಮೇಲೆ ನಿಧಾನಕ್ಕೆ ಬೀಸ್ತಾರೆ. ಬೆಣೆ ಕಿತ್ತು ಕೊಬ್ಬು ಸವರಿದ್ರೆ ಮೊದಲನೇ ಬೀಸಿಗೇ ಗುಂಡು ಜಾರಿ ಅವನ ಬೆನ್ನ ಹಿಂದೆ ದೊಪ್ಪಂತ ಬೀಳುತ್ತೆ. ಕೈಯಲ್ಲಿ ಬರೀ ಕೋಲು ಹಿಡ್ಕೊಂಡು ಮಕೆಲ್ಲರ್ ಮಂಗನ ಹಾಗೆ ನಿಲ್ತಾನೆ. ಜನ ನಗ್ತಾರೆ. ಅಷ್ಟೇ. ದೇವರಾಣೆ ಅಷ್ಟೇ.”

“ಕಾನ್ ಕೈಗೆ ಅದು ಹೇಗೆ ಬಂತು?”

“ರೆನ್ನಿ ಕೊಟ್ಟ.”

“ಸತ್ತನಲ್ಲ, ಆ ರೆನ್ನಿಯೇ?”

“ಅವನೇ. ನಮ್ಮ ಸುತ್ತಿಗೆ ಕಾವು ಉದ್ದ ಆಯ್ತು, ನಿಯಮಕ್ಕೆ ಹೊಂದಲ್ಲ ಅಂದ. ಎರಡೂ ಕಡೆಯವರು ಇದನ್ನೇ ಎಸೀರಿ ಅಂತ ಅವರ ಸುತ್ತಿಗೆನ ತಾನೇ ಎತ್ಕೊಂಡ್ಹೋಗಿ ಕಾನ್ ಕೈಗಿಟ್ಟ. ಹತ್ರ ನಿಂತು ಏನೋ ಅಂದ. ಆಮೇಲೆ ತನ್ನ ಜಾಗಕ್ಕೆ ನಡ್ಕೊಂಡು ಹೋದ.”

“ನೀನು ನೋಡ್ತಾ ನಿಂತೆ.”

ಮಲಕಿ ಹಡಗಿನ ಕಡೆ ನೋಡಿದ. ಹೋರಿಯೊಂದು ಹಲಗೆಯ ಮೇಲೆ ಮಂಡಿಯೂರಿ ಬಿದ್ದಿತ್ತು. ಆಳುಗಳು ಅದರ ಬಾಲ ತಿರುಚುತ್ತಿದ್ದರು.

“ಬಾಯಿ ತೆಗೆದೆ,” ಎಂದ ಕೊನೆಗೆ. “ತೆಗೆದು ಮುಚ್ಚಿದೆ. ಹೇಳಿದ್ರೆ ಜೈಲು. ಕಾನ್ ಗಟ್ಟಿ ಹಿಡಿದು ನೋಡ್ತಾನೆ, ಅಲ್ಲಾಡೋದು ಅವನಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಅವನು ಯಾವತ್ತೂ ಮೊದಲು ನೆಲಕ್ಕೆ ಕುಟ್ಟಿ ನೋಡೋನು. ನಿನ್ನೆ ನೋಡ್ಲೇ ಇಲ್ಲ. ಹುಚ್ಚು ಹಿಡಿದೋನ ಹಾಗೆ ಒಂದೇ ಸಲ ಬೀಸಿಬಿಟ್ಟ.”

ಹಾರ್ಟಿಗನ್ ಕೈಯಲ್ಲಿದ್ದ ಬೆಣೆಯನ್ನು ಆ ಬೆರಳಿಂದ ಈ ಬೆರಳಿಗೆ ಉರುಳಿಸಿದ. ಇದು ಸಿಕ್ಕಿತು. ಅಪಘಾತವಲ್ಲದ ಅಪಘಾತ, ಕೊಲೆಯಲ್ಲದ ಕೊಲೆ. ಇದನ್ನು ತೆಗೆದುಕೊಂಡು ಹೋದರೆ ಮೋನ್ಸೆಲ್ ಸಾಹೇಬರೂ ಸುಮ್ಮನಾಗುತ್ತಾರೆ. ಆದರೂ ಕಾಲಿನ ಇರುವೆ ಇಳಿದಿರಲಿಲ್ಲ.

“ನೀನು ಎಲ್ಲಿ ನಿಂತಿದ್ದೆ?”

“ಹಗ್ಗದ ಹತ್ರ. ಚಹಾ ಡೇರೆ ಪಕ್ಕ.”

“ಹಾಗಾದ್ರೆ ನಿಂಗೆ ಕೇಳಿರ್ಬೇಕು. ರೆನ್ನಿನ ಯಾರು ಕರೆದ್ರು?”

“ರೆನ್ನಿನ ಯಾರೂ ಕರೀಲಿಲ್ಲ.”

“ಮತ್ಯಾಕೆ ತಿರುಗಿದ?”

“ಅದೇ ನಂಗೂ ಅರ್ಥ ಆಗ್ದೇ ಇರೋದು.” ಮಲಕಿ ಟೋಪಿ ತೆಗೆದು ಹಣೆ ಒರೆಸಿಕೊಂಡ. “ಕರೆದಿದ್ದು ಬೇರೆ ಯಾರನ್ನೋ. ಒಬ್ಬ ಹೆಂಗಸು, ನನ್ನ ಹಿಂದೆ, ಬೆಂಚಿನ ಕಡೆಯಿಂದ. ‘ಡಿನ್ನೀ’ ಅಂದ್ಲು. ಜೋರಾಗಿ ಅಲ್ಲ. ಮನೆ ಒಳಗೆ ಕರೀತೀವಲ್ಲ, ಹಾಗೆ. ಆ ರೆನ್ನಿ ಚಾಟಿ ಏಟು ತಿಂದೋನ ಹಾಗೆ ತಿರುಗಿದ. ಅದು ತನ್ನದೇ ಹೆಸರು ಅನ್ನೋ ಹಾಗೆ. ಆಮೇಲೆ ಇನ್ನೊಂದು ಕೂಗು ಕೇಳಿಸ್ತು, ಅದು ಗಂಡು ದನಿ, ವೃತ್ತದ ಕಡೆಯಿಂದ. ಅಷ್ಟರಲ್ಲಿ ಜನ ಕಿರುಚೋಕೆ ಶುರು ಮಾಡಿದ್ರು.”

ಹಾರ್ಟಿಗನ್‌ನ ಬೆರಳು ನಿಂತವು.

ಡಿನ್ನಿ ಎಂದರೆ ಡೆನಿಸ್. ಡೆನಿಸ್ ಎಂಬ ಹೆಸರಿನವನು ಐರ್ಲೆಂಡಿನಲ್ಲಿ ಕಲ್ಲೆಸೆದ ಕಡೆಯೆಲ್ಲ ಒಬ್ಬ ಸಿಗುತ್ತಾನೆ. ಆದರೆ ಸುತ್ತಿಗೆ ಎಸೆಯುವ ಡಿನ್ನಿ ಒಬ್ಬನೇ. ಲಿಮರಿಕ್ ಸೀಮೆಯ ಕೆಂಗೂದಲ ಹುಡುಗ, ನದಿದಡದ ಕ್ರೀಡಾಕೂಟವೊಂದರಲ್ಲಿ ಹಾರ್ಟಿಗನ್‌ನನ್ನು ಸೋಲಿಸಿ, ಸೋತವನಿಗೆ ತಾನೇ ಕಪ್ಪು ಬಿಯರ್ ಕೊಡಿಸಿ ಕುಣಿದವನು. ಮರುವರ್ಷ ಶಾನನ್ ನದಿಯಲ್ಲಿ ಮುಳುಗಿ ಹೋದ ಎಂದರು. ದಡದಲ್ಲಿ ಕೋಟು ಸಿಕ್ಕಿತ್ತು, ಹೆಣ ಸಿಗಲಿಲ್ಲ. ಆಗಿನ್ನೂ ಪೇದೆಯಾಗಿದ್ದ ಹಾರ್ಟಿಗನ್ ದೋಣಿಯಲ್ಲಿ ನಿಂತು ಉದ್ದನೆಯ ಗಳದಿಂದ ನದಿಯ ತಳವನ್ನು ಕೆದಕಿದ್ದ. ದಡದ ಮೇಲೆ, ಹಾಲು ಬಿಡದ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಅವನ ಹೆಂಡತಿ ನಿಂತಿದ್ದಳು.

ಡಿನ್ನಿ ಡಿವೇನ್.

ಅವನು ಕಟ್ಟೆಯ ಪೇದೆಯನ್ನು ಕರೆದು ಮಲಕಿಯನ್ನು ಒಪ್ಪಿಸಿದ. ಗಾಡಿಯವನು ಇನ್ನೂ ಬಾಡಿಗೆಗೆ ಕಾಯುತ್ತಿದ್ದ. “ಮತ್ತೆ ನಿಂತ್ಕೊಂಡೇ ಬರ್ತೀರಾ ಸ್ವಾಮಿ?” ಎಂದ. ಈ ಸಲ ಹಾರ್ಟಿಗನ್ ಕೂತ.

* * *

ಹನ್ನಾ ಡಿವೇನ್ ಬಾಡಿಗೆ ಕೋಣೆಯ ಕಿಟಕಿಯ ಬಳಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ಮನೆಯೊಡತಿ ಬೇಡವೆಂದರೂ ಕೇಳದೆ ಬುಟ್ಟಿ ಎತ್ತಿಕೊಂಡು ಬಂದಿದ್ದಳಂತೆ. ನರೆತ ಕೂದಲು, ನೆಟ್ಟನೆಯ ಬೆನ್ನು. ಮಗನ ಎಸೆತ ನೋಡಲೆಂದು ಮೊನ್ನೆ ಜೀವಮಾನದಲ್ಲಿ ಮೊದಲ ಸಲ ರೈಲು ಹತ್ತಿದವಳು.

“ಕಾನ್ ಎಲ್ಲಿ ತಾಯಿ?”

“ಹಿತ್ಲಲ್ಲಿ ಸೌದೆ ಒಡೀತಿದಾನೆ. ಕೂತ್ರೆ ಹುಚ್ಚು ಹಿಡಿಯುತ್ತೆ ಅಂದ.” ಕೆಳಗಿನಿಂದ ಕೊಡಲಿಯ ಸದ್ದು ಒಂದೇ ಸಮನೆ ಬರುತ್ತಿತ್ತು. “ಕೂತ್ಕೊಳ್ಳಿ.”

ಹಾರ್ಟಿಗನ್ ಕೂರಲಿಲ್ಲ. “ನನ್ನ ಗುರುತು ಸಿಕ್ತಾ ನಿಮಗೆ?”

“ನಿನ್ನೆನೇ ಸಿಕ್ತು. ಮೀಸೆ ಬೆಳ್ಳಗಾಗಿದೆ. ದೋಣಿ ಮೇಲೆ ನಿಂತಿದ್ದಾಗ ಕಪ್ಪಗಿತ್ತು.”

“ಆವಾಗ ನಾವು ದಿನಗಟ್ಟಲೆ ನದಿ ಜಾಲಾಡಿದ್ವಿ.”

“ಗೊತ್ತು. ನೋಡ್ತಾ ನಿಂತಿದ್ದೆನಲ್ಲ.”

“ನದಿಯಲ್ಲಿ ಯಾರೂ ಇರ್ಲಿಲ್ಲ. ಅಲ್ವಾ?”

ಹನ್ನಾ ಒಂದು ಆಲೂಗಡ್ಡೆಯನ್ನು ಪೂರ್ತಿ ಹೆರೆದು ನೀರಿಗೆ ಹಾಕಿದಳು. ಇನ್ನೊಂದನ್ನು ಎತ್ತಿಕೊಂಡು, ಚಾಕು ಹಚ್ಚದೆ, ಮಡಿಲಲ್ಲಿ ಇಟ್ಟುಕೊಂಡಳು.

“ಕೋಟು ದಡದಲ್ಲಿ ಇಟ್ಟಿದ್ದು ನಾನೇ,” ಎಂದಳು.

ಹಾರ್ಟಿಗನ್ ಈಗ ಕೂತ.

“ಸುಗ್ಗಿ ಕೆಲಸಕ್ಕೆ ಅಂತ ಸ್ಕಾಟ್ಲೆಂಡಿಗೆ ಹೋದ. ಜೊತೆಗೆ ಹೋದೋರೆಲ್ಲ ವಾಪಸ್ ಬಂದ್ರು. ಡಿನ್ನಿ ಎಲ್ಲಿ ಅಂದ್ರೆ ಮುಖ ಮುಖ ನೋಡ್ಕೊಂಡ್ರು. ಕೊನೆಗೆ ಒಬ್ಬ ಹೇಳ್ದ: ಬರಲ್ವಂತೆ ಹನ್ನಾ, ಅಲ್ಲೇ ಇರ್ತಾನಂತೆ, ನಮ್ಮ ಮತ ಬಿಟ್ಟು ಅವರ ಚರ್ಚಿಗೆ ಸೇರ್ಕೊಂಡ, ಹೆಸರೂ ಬದಲಾಯಿಸ್ಕೊಂಡ, ನಿಂಗೆ ಏನೂ ಹೇಳ್ಬೇಡ ಅಂದಿದಾನೆ.” ಅವಳ ದನಿಯಲ್ಲಿ ಅಳು ಇರಲಿಲ್ಲ. ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡು ಸವೆದ ಮಾತುಗಳು. “ವಾಪಸ್ ಬರೋವಾಗ ನದಿಗೆ ಬಿದ್ದ ಅಂತ ಹೇಳೋಕೆ ಅವರೂ ಒಪ್ಪಿದ್ರು, ಮುಂದಿನ ಸುಗ್ಗೀಲಿ ಅವನಿಗೂ ಅದನ್ನ ಹೇಳಿರ್ತಾರೆ. ಓಡಿಹೋದವನ ಹೆಂಡ್ತಿಗಿಂತ ಮುಳುಗಿಹೋದವನ ಹೆಂಡ್ತಿಗೆ ಊರಲ್ಲಿ ಮರ್ಯಾದೆ ಜಾಸ್ತಿ ಸಾರ್ಜೆಂಟ್. ಕೂಸಿಗೂ ಅಷ್ಟೇ. ‘ನಿಮ್ಮಪ್ಪ ಎಲ್ಲಿ’ ಅಂತ ಯಾರಾದ್ರೂ ಕೇಳಿದ್ರೆ ನದಿ ತೋರಿಸ್ಬಹುದು.”

“ನಿನ್ನೆ ನೋಡಿದ ತಕ್ಷಣ ಗೊತ್ತಾಯ್ತಾ?”

“ಮುಖ ನೋಡಿ ಅಲ್ಲ. ಗಡ್ಡ, ಕೋಟು, ಎಲ್ಲ ಬೇರೆಯವರದ್ದು. ಕಾನ್ ಕೈಗೆ ಸುತ್ತಿಗೆ ಕೊಟ್ಟು ನಮ್ಮ ಕಡೆ ನಡೆದು ಬಂದ ನೋಡಿ. ಎಡಗಾಲು ಸ್ವಲ್ಪ ಹೊರಗೆ ಹಾಕಿ ನಡಿಯೋನು. ನಡಿಗೆಗೆ ಗಡ್ಡ ಬರಲ್ವಲ್ಲ.” ಅವಳು ಕಿಟಕಿಯಾಚೆ ನೋಡಿದಳು. “ಕರೀಬೇಕು ಅಂತ ಕರೀಲಿಲ್ಲ. ಬಾಯಿಂದ ಬಂದುಬಿಡ್ತು. ಅವನು ತಿರುಗಿ ನನ್ನೇ ನೋಡ್ದ. ಏನೋ ಹೇಳೋಕೆ ಅಂತ ಬಾಯಿ ತೆಗೆದ. ನಂಗೆ ಅದು ಬೇಕು ಸಾರ್ಜೆಂಟ್. ಇಪ್ಪತ್ತೆರಡು ವರ್ಷ ಕಾದಿದ್ದು ಆ ಒಂದು ಮಾತಿಗೆ. ಏನಿತ್ತೋ ಅದು.”

ಬೆಳಿಗ್ಗೆ ಹೆಣದ ಕೋಣೆಯ ಮೆಟ್ಟಿಲ ಮೇಲೆ ಅವಳು ಮೊಣಕಾಲೂರಿದ್ದು ಮಗನ ಪಾಪಕ್ಕಲ್ಲ ಎಂದು ಹಾರ್ಟಿಗನ್‌ಗೆ ಈಗ ಅರ್ಥವಾಯಿತು.

“ನೀವು ಎಷ್ಟು ಸಲ ಕರೆದ್ರಿ?”

“ಒಂದೇ ಸಲ.”

“ಆಮೇಲೆ ಇನ್ನೊಂದು ಕೂಗು ಬಂತಂತೆ. ಗಂಡು ದನಿ.”

“ಬಂತು. ಅದು ಕಾನ್‌ದು. ಗುಂಡು ಕೈ ಬಿಟ್ಟ ಮೇಲೆ ಕೂಗಿದ.”

“‘ಹುಷಾರು’ ಅಂತಾನಾ?”

ಹನ್ನಾಳ ಹುಬ್ಬು ಗಂಟಿಕ್ಕಿತು. ಅವಳು ನೆನಪು ಮಾಡಿಕೊಳ್ಳುತ್ತಿದ್ದಾಳೆ ಎಂದು ಹಾರ್ಟಿಗನ್‌ಗೆ ತಿಳಿಯಿತು. ಅದುವರೆಗೆ ಅವಳಿಗೆ ಅದು ಬರಿಯ ಒಂದು ಕೂಗು. ಯಾವ ಪದವೆಂದು ಅವಳೂ ಹುಡುಕಿರಲಿಲ್ಲ. ಈಗ ಹುಡುಕಿದಳು. ಹುಡುಕಿದ್ದು ಸಿಕ್ಕಿದಾಗ ಮಡಿಲಲ್ಲಿದ್ದ ಆಲೂಗಡ್ಡೆ ಜಾರಿ ನೆಲದ ಮೇಲೆ ಉರುಳಿತು.

“ಇಲ್ಲ,” ಎಂದಳು. “ಅಲ್ಲ. ಅವನಿಗೆ ಗೊತ್ತಿಲ್ವಲ್ಲ. ಅವನಿಗೆ ಹೇಗೆ ಗೊತ್ತಿರುತ್ತೆ?”

ಹಿತ್ತಲಿನ ಕೊಡಲಿ ಯಾವಾಗ ನಿಂತಿತ್ತೋ ಇಬ್ಬರೂ ಗಮನಿಸಿರಲಿಲ್ಲ. ಬಾಗಿಲಲ್ಲಿ ಕಾನ್ ನಿಂತಿದ್ದ, ತಲೆ ತಗ್ಗಿಸಿ, ಎರಡು ಕೈಯಿಂದ ಚೌಕಟ್ಟು ಹಿಡಿದುಕೊಂಡು. ಎಷ್ಟು ಹೊತ್ತಿನಿಂದಲೋ.

“ಏನು ಕೂಗಿದೆ ಕಾನ್?” ಎಂದು ಹಾರ್ಟಿಗನ್ ಮೆತ್ತಗೆ ಕೇಳಿದ.

“ಅಪ್ಪಾ ಅಂತ.”

ಹನ್ನಾ ಎದ್ದು ನಿಂತಳು. “ಯಾರು ಹೇಳಿದ್ರೋ ನಿಂಗೆ? ನಾನು ಸತ್ರೂ ಹೇಳ್ತಿರ್ಲಿಲ್ಲ. ಯಾರು?”

“ಅವನೇ.” ಕಾನ್ ತಾಯಿಯ ಕಡೆ ನೋಡಲಿಲ್ಲ. “ಸುತ್ತಿಗೆ ಕೈಗೆ ಕೊಡುವಾಗ. ‘ಹಿಡಿತ ಹಾಗಲ್ಲ ಮಗನೇ, ಎಡಗೈ ಕೆಳಗೆ’ ಅಂದ. ನೀವ್ಯಾರು ನಂಗೆ ಹೇಳೋಕೆ ಅಂದೆ. ‘ಅಪ್ಪ ಎಲ್ಲಿ ಅಂದ್ರೆ ನಿನ್ನ ತಾಯಿ ನಿಂಗೆ ಯಾವ ನದಿ ತೋರಿಸಿದಾಳೆ?’ ಅಂದ. ನಕ್ಕೊಂಡು ಹೇಳ್ದ ಅವ್ವ. ನಕ್ಕೊಂಡು ಹೇಳಿ, ತಿರುಗಿ ನಡೆದುಬಿಟ್ಟ.”

ಬೆಳಿಗ್ಗೆ ವೃತ್ತದ ಅಂಚಿನಲ್ಲಿ ನಿಂತು ಮುಖ ಕೂಡ ನೋಡಿಲ್ಲ ಎಂದವನು ಇವನೇ. ಹಾರ್ಟಿಗನ್‌ನ ಜೇಬಿನಲ್ಲಿದ್ದ ಬೆಣೆ ಇದ್ದಕ್ಕಿದ್ದಂತೆ ಹಗುರವಾಯಿತು. ಮಲಕಿಯ ಕೊಬ್ಬು, ಹನ್ನಾಳ ಕರೆ, ಎರಡೂ ನಿಜ. ಆದರೆ ಅವೆರಡರ ನಡುವೆ ಮೂರು ಸುತ್ತು ತಿರುಗಿದ ಒಬ್ಬ ಮನುಷ್ಯನಿದ್ದ. ಸಡಿಲವಾದ ಗುಂಡನ್ನೂ ಎತ್ತ ಬಿಡಬೇಕೆಂದು ಬಲ್ಲ ಕೈಗಳಿದ್ದವು.

“ಅಷ್ಟು ಗೊತ್ತಾದ ಮೇಲೂ ವೃತ್ತಕ್ಕೆ ಇಳಿದೆ,” ಎಂದ ಹಾರ್ಟಿಗನ್.

“ಇಳಿದೆ.”

“ಏನು ಅಂದ್ಕೊಂಡು ಬೀಸಿದೆ ಕಾನ್?”

ಕೆಳಗೆ ಬೀದಿಯಲ್ಲಿ ಗಾಡಿ ನಿಂತ ಸದ್ದು. ವಿಚಾರಣೆಗೆ ಕರೆದೊಯ್ಯಲು ಬಂದ ಪೇದೆಯ ಬೂಟು ಮೆಟ್ಟಿಲು ಹತ್ತತೊಡಗಿತು.

ಕಾನ್ ಚೌಕಟ್ಟು ಬಿಟ್ಟು ಒಳಗೆ ಬಂದ. “ಅದನ್ನ ಅವ್ವನ ಎದುರಿಗೆ ಹೇಳಲಾರೆ ಸಾರ್ಜೆಂಟ್ರೇ.”

ಹನ್ನಾ ಮಗನನ್ನು ದಾಟಿ ಬಾಗಿಲ ಬಳಿ ಹೋದಳು. ಹೊರಗೆ ಹೋಗುತ್ತಾಳೆಂದು ಇಬ್ಬರು ಗಂಡಸರೂ ದಾರಿ ಬಿಟ್ಟು ನಿಂತರು. ಅವಳು ಕದ ಮುಚ್ಚಿ, ಒಳಗಿನಿಂದ ಚಿಲಕ ಹಾಕಿ, ಕದಕ್ಕೆ ಬೆನ್ನು ಕೊಟ್ಟು ನಿಂತಳು.

“ಹೇಳು,” ಎಂದಳು.